ಕಾರಿನೊಳಗಿನ ಮಳೆಗಾಲ

ಮನೆಯ ಮಾಳಿಗೆ ಸೋರಿದರೆ ಗೃಹಸ್ಥನಿಗೆ ಆ ರಾತ್ರಿ ನಿದ್ದೆ ಬಾರದು. ಹನಿ ಬೀಳುವ ಕಡೆಗಳಲ್ಲೆಲ್ಲ ಪಾತ್ರೆಗಳನ್ನಿಟ್ಟು, ಹೊತ್ತು ಮೂಡುತ್ತಲೇ ಗಾರೆಯವನನ್ನು ಕರೆತರಲು ಹೊರಡುತ್ತಾನೆ. ಅದೇ ಗೃಹಸ್ಥನ ಹಳೆಯ ಕಾರು ಸೋರಿದಾಗ ಮಾತ್ರ ಅವನ ಧೋರಣೆಯೇ ಬೇರೆ. ಕಾಲಡಿಯಲ್ಲಿ ಒಂದು ಹಳೆಯ ಟವೆಲನ್ನು ಹಾಸಿ, "ಹಳೆಯ ಗಾಡಿ, ಅಷ್ಟಿಷ್ಟು ನೀರು ಬರುವುದು ಸಹಜ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಟವೆಲು ಒದ್ದೆಯಾಗುತ್ತದೆ, ಹಿಂಡಿ ಮತ್ತೆ ಹಾಸುತ್ತಾನೆ. ಮಳೆಗಾಲ ಕಳೆಯುತ್ತದೆ, ಸಂಗತಿ ಮರೆತುಹೋಗುತ್ತದೆ. ಆದರೆ ಮ್ಯಾಟಿನ ಕೆಳಗೆ ಸೇರಿದ ನೀರು ಮಾತ್ರ ತನ್ನ ಕೆಲಸವನ್ನು ಮರೆಯುವುದಿಲ್ಲ. ಎರಡು ಮೂರು ವರ್ಷಗಳ ಬಳಿಕ ಒಂದು ದಿನ ಗ್ಯಾರೇಜಿನವನು ಮ್ಯಾಟು ಎತ್ತಿ ಸ್ಕ್ರೂ ಡ್ರೈವರಿನ ತುದಿಯಿಂದ ತಳವನ್ನು ಮೆಲ್ಲನೆ ಒತ್ತಿದಾಗ, ಅದು ಹಪ್ಪಳದಂತೆ ಮುರಿದು ಕೆಳಗಿನ ರಸ್ತೆ ಕಾಣಿಸುತ್ತದೆ. ಹನಿಗೂಡಿ ಹಳ್ಳವಾಗುವುದು ಗಾದೆಯಲ್ಲಿ ಮಾತ್ರವಲ್ಲ. ಹಳೆಯ ಕಾರಿನ ಹೊಟ್ಟೆಯಲ್ಲಿಯೂ ಹೌದು.

ಹಳೆಯ ಕಾರುಗಳ ಮೇಲಿನ ಅಕ್ಕರೆ ಈಚೆಗೆ ನಮ್ಮ ನಗರಗಳಲ್ಲಿ ಹೆಚ್ಚುತ್ತಿದೆ. ತಂದೆಯೋ ತಾತನೋ ಕೊಂಡ ವಾಹನವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದೆ ಉಳಿಸಿಕೊಂಡವರು ಅನೇಕರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್. ಇಟಲಿಯ ಫಿಯೆಟ್ 1100ರ ರೂಪದಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದ ಕಾರು. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ಇವು ಮೂರೂ ಒಂದು ಕಾಲದಲ್ಲಿ ಮಧ್ಯಮವರ್ಗದ ಕುಟುಂಬಗಳ ಮದುವೆ, ಯಾತ್ರೆ, ಹೆರಿಗೆ, ವರ್ಗಾವಣೆಗಳಿಗೆಲ್ಲ ಸಾಕ್ಷಿಯಾದವು. ಇಂದು ಇವುಗಳಲ್ಲಿ ಯಾವುದೂ ಕಾರ್ಖಾನೆಯಿಂದ ಹೊರಬರುತ್ತಿಲ್ಲ. ಇದ್ದುದನ್ನು ಕಾಪಾಡಿಕೊಳ್ಳುವುದೊಂದೇ ದಾರಿ. ಎಂಜಿನ್ನು ಕೆಟ್ಟರೆ ಬಿಚ್ಚಿ ಕಟ್ಟಬಹುದು. ಬ್ರೇಕು ಸವೆದರೆ ಹೊಸದು ಹಾಕಬಹುದು. ಆದರೆ ಮೈಯೇ ತುಕ್ಕು ಹಿಡಿದು ಕರಗಿದರೆ ಕಾರನ್ನು ಉಳಿಸುವುದು ಬಹು ಕಷ್ಟ. ಆ ತುಕ್ಕಿನ ಮೊದಲ ಮಿತ್ರನೇ ಒಳಗೆ ಸೋರುವ ನೀರು.

ತಗಡೇ ಬೆನ್ನೆಲುಬು

ಈ ಅಪಾಯದ ಆಳವನ್ನು ತಿಳಿಯಲು ಕಾರಿನ ರಚನೆಯನ್ನು ಸ್ವಲ್ಪ ಅರಿಯಬೇಕು. ಲಾರಿಗಳಲ್ಲಿ ಕೆಳಗೆ ದಪ್ಪ ಉಕ್ಕಿನ ಚೌಕಟ್ಟು, ಅದರ ಮೇಲೆ ಮೈ. ಹೆರಾಲ್ಡ್ ಕಾರಿನಲ್ಲಿಯೂ ಪ್ರತ್ಯೇಕವಾದ ಚೌಕಟ್ಟು ಉಂಟು. ಆದರೆ ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳಲ್ಲಿ ಅಂಥ ಬೇರೆ ಚೌಕಟ್ಟಿಲ್ಲ. ತಳದ ತಗಡು, ಬಾಗಿಲ ಕೆಳಗಿನ ಟೊಳ್ಳಾದ ಹೊಸ್ತಿಲುಗಳು, ಕಂಬಗಳು, ಚಾವಣಿ ಎಲ್ಲವನ್ನೂ ಬೆಸೆದು ಒಂದೇ ಪೆಟ್ಟಿಗೆಯನ್ನಾಗಿ ಮಾಡಲಾಗಿದೆ. ಆ ಪೆಟ್ಟಿಗೆಯೇ ಕಾರಿನ ಬೆನ್ನೆಲುಬು. ಸೀಟುಗಳ ಬೋಲ್ಟುಗಳು ಕಚ್ಚಿರುವುದು ಆ ತಳವನ್ನೇ. ತಳವೂ ಹೊಸ್ತಿಲೂ ಕೊಳೆತರೆ ಕಾರು ನಡುವಿನಲ್ಲಿ ಜೋಲುತ್ತದೆ, ಬಾಗಿಲುಗಳು ಸರಿಯಾಗಿ ಮುಚ್ಚುವುದಿಲ್ಲ. ಅಪಘಾತದ ವೇಳೆಯಲ್ಲಿ ಒಳಗಿನವರನ್ನು ಕಾಯಬೇಕಾದ ಬಲವೇ ಇಲ್ಲವಾಗುತ್ತದೆ. ಹೊರಗೆ ಮಿರುಗುವ ಬಣ್ಣವಿದ್ದು ಒಳಗೆ ಹೀಗಾಗಿರುವ ಕಾರಿನಲ್ಲಿ ಹೆಂಡಿರು ಮಕ್ಕಳನ್ನು ಕುಳ್ಳಿರಿಸಿಕೊಂಡು ಘಾಟಿ ಇಳಿಯುವುದು ಎಷ್ಟರ ಮಟ್ಟಿಗೆ ಕ್ಷೇಮವೆಂಬುದನ್ನು ಯಾರಾದರೂ ಊಹಿಸಬಹುದು.

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ತುಕ್ಕು ಹಿಡಿಯಲು ನೀರು ನಿಂತೇ ಇರಬೇಕೆಂದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60ನ್ನು ದಾಟಿದರೆ ಸಾಕು, ಅದರ ವೇಗ ಹೆಚ್ಚುತ್ತದೆ. ಒದ್ದೆಯಾದ ಫೆಲ್ಟು ಹಾಸಿದ, ಕಿಟಕಿ ಮುಚ್ಚಿದ ಕಾರಿನೊಳಗೆ ಆರ್ದ್ರತೆ ಇದಕ್ಕಿಂತ ಬಹಳ ಮೇಲಿರುತ್ತದೆ. ಕಡಲ ಗಾಳಿಯ ಉಪ್ಪು ಸೇರಿದರಂತೂ ಕೇಳತಕ್ಕದ್ದೇ ಇಲ್ಲ. ಮಂಗಳೂರು, ಉಡುಪಿ, ಕಾರವಾರಗಳ ಕಾರುಗಳು ಬಯಲುಸೀಮೆಯವಕ್ಕಿಂತ ಬೇಗ ಸವೆಯುವುದು ಇದರಿಂದಲೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದಕಾರಣ ಎರಡು ತಗಡುಗಳ ನಡುವೆ ಹುಟ್ಟಿದ ತುಕ್ಕು ಅವೆರಡನ್ನೂ ಬಿರಿಸಿ, ಇನ್ನಷ್ಟು ನೀರಿಗೆ ಬಾಗಿಲು ತೆರೆಯುತ್ತದೆ. ಕಾರಿನ ತಗಡಿನ ದಪ್ಪವಾದರೂ ಎಷ್ಟು? ಒಂದು ಮಿಲಿಮೀಟರಿನ ಆಸುಪಾಸು.

ತುಕ್ಕಿನ ಜೊತೆಗೆ ಇತರ ತೊಂದರೆಗಳೂ ಉಂಟು. ಒದ್ದೆ ಹಾಸಿನಲ್ಲಿ ಬೂಷ್ಟು ಬೆಳೆದು ಕಾರಿನೊಳಗೆ ಮುಗ್ಗುಲು ವಾಸನೆ ತುಂಬುತ್ತದೆ. ಉಬ್ಬಸವಿರುವವರಿಗೆ ಇದು ಹಾನಿಕರ. ಬೆಳಗಿನ ಹೊತ್ತು ಗಾಜುಗಳ ಒಳಮೈ ಮಂಜುಗಟ್ಟಿ ದಾರಿ ಕಾಣದಾಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳ ತುದಿಗಳಿಗೆ ಹಸಿರು ಕಿಲುಬು ಹತ್ತಿ ದೀಪ, ಹಾರನ್ನುಗಳು ಮನಬಂದಾಗ ಕೆಲಸಮಾಡುತ್ತವೆ.

ಯಾವ ನೀರು?

ಸೋರಿಕೆಯನ್ನು ಹುಡುಕಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಬಂದದ್ದು ಯಾವ ನೀರು ಎಂಬುದು. ಕಾಲಡಿ ಒದ್ದೆಯಾಗಿದೆ ಎಂದ ಮಾತ್ರಕ್ಕೆ ಅದು ಮಳೆಯ ನೀರೇ ಆಗಿರಬೇಕಿಲ್ಲ. ಒಂದು ಬಿಳಿಯ ಬಟ್ಟೆಯನ್ನು ಅದರ ಮೇಲೊತ್ತಿ ನೋಡಬೇಕು. ಬಟ್ಟೆಗೆ ಹಸಿರೋ ಕೆಂಪೋ ಬಣ್ಣ ಹತ್ತಿ, ಮುಟ್ಟಿದರೆ ಜಿಗುಟಾಗಿ, ಸಿಹಿ ವಾಸನೆ ಬಂದರೆ ಅದು ರೇಡಿಯೇಟರಿಗೆ ಹಾಕುವ ಕೂಲೆಂಟು. ಹೀಟರ್ ಇರುವ ಕಾರುಗಳಲ್ಲಿ ಹೀಟರಿನ ಕೊಳವೆ ಸೋರುತ್ತಿದೆಯೆಂದರ್ಥ. ಇದನ್ನು ನಾಲಿಗೆಗೆ ಸೋಕಿಸಿ ಪರೀಕ್ಷಿಸಬಾರದು, ಕೂಲೆಂಟು ವಿಷ. ಪೆಡಲುಗಳ ಬಳಿ ಎಣ್ಣೆಯಂತೆ ಜಾರುವ ಪದಾರ್ಥವಿದ್ದು ಅಲ್ಲಿನ ಬಣ್ಣ ಸುಲಿದು ಬರುತ್ತಿದ್ದರೆ ಅದು ಬ್ರೇಕಿನ ಅಥವಾ ಕ್ಲಚ್ಚಿನ ಎಣ್ಣೆ. ಅಂಥ ಕಾರನ್ನು ಅಲ್ಲಿಯೇ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸಬೇಕು. ಹಳೆಯ ಕಾರಿಗೆ ಆಮೇಲೆ ಏರ್ ಕಂಡೀಷನ್ ಜೋಡಿಸಿದ್ದು, ಬಿಸಿಲಿನ ದಿನಗಳಲ್ಲಿಯೂ ತಿಳಿನೀರು ಬರುತ್ತಿದ್ದರೆ, ಆ ಯಂತ್ರದ ನೀರನ್ನು ಹೊರಗೆ ಹರಿಸುವ ಸಣ್ಣ ಕೊಳವೆ ಕಟ್ಟಿಕೊಂಡಿದೆಯೆಂದು ತಿಳಿಯಬೇಕು. ಈ ಮೂರೂ ಅಲ್ಲವೆಂದು ಖಚಿತವಾದ ಮೇಲೆಯೇ ಮಳೆರಾಯನ ಮೇಲೆ ತಪ್ಪು ಹೊರಿಸತಕ್ಕದ್ದು.

ನೀರಿನ ಕಳ್ಳಹಾದಿ

ಸೋರಿಕೆಯನ್ನು ಹುಡುಕುವವರೆಲ್ಲ ಸಾಮಾನ್ಯವಾಗಿ ಮಾಡುವ ತಪ್ಪೊಂದುಂಟು: ಹನಿ ಎಲ್ಲಿ ಬಿದ್ದಿತೋ ಅಲ್ಲಿಯೇ ತೂತಿದೆಯೆಂದು ನಂಬುವುದು. ನೀರು ಅಷ್ಟು ಸರಳ ಸ್ವಭಾವದ್ದಲ್ಲ. ಪಾತ್ರೆಯಿಂದ ಹಾಲನ್ನು ನಿಧಾನವಾಗಿ ಬಗ್ಗಿಸಿದಾಗ ಅದು ಲೋಟಕ್ಕೆ ಬೀಳದೆ ಪಾತ್ರೆಯ ಹೊರಮೈಗೆ ಅಂಟಿಕೊಂಡು ಹರಿದು ಕಟ್ಟೆಯ ಮೇಲೆ ಚೆಲ್ಲುವುದನ್ನು ಗೃಹಿಣಿಯರು ದಿನವೂ ಕಾಣುತ್ತಾರೆ. ಕಾರಿನಲ್ಲಿಯೂ ಹಾಗೆಯೇ. ಚಾವಣಿಯ ಅಂಚಿನಲ್ಲಿ ಒಳಹೊಕ್ಕ ನೀರು ಕಂಬದ ಒಳಮೈ ಹಿಡಿದು ಇಳಿದು, ವೈರಿನ ಕಟ್ಟಿನ ಗುಂಟ ಸಾಗಿ, ಡ್ರೈವರನ ಬಲಗಾಲಿನ ಮೇಲೆ ಬೀಳಬಹುದು. ಕೂದಲೆಳೆಯಷ್ಟು ಸಂದಿದ್ದರೂ ಸಾಕು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಆ ಸಂದು ನೀರನ್ನು ಮೇಲಕ್ಕೂ ಎಳೆದುಕೊಳ್ಳುತ್ತದೆ.

ಇನ್ನೊಂದು ಸೋಜಿಗ: ಕೆಲವು ಕಾರುಗಳು ನಿಂತಾಗ ಎಷ್ಟು ಮಳೆ ಸುರಿದರೂ ಸೋರುವುದಿಲ್ಲ, ಓಡುವಾಗ ಮಾತ್ರ ಸೋರುತ್ತವೆ. ಇದಕ್ಕೆ ಕಾರಣ ಗಾಳಿ. ಕಾರು ವೇಗವಾಗಿ ಹೋಗುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚುತ್ತದೆ. ಪಕ್ಕದ ಕಿಟಕಿಯನ್ನು ಸ್ವಲ್ಪ ತೆರೆದಿದ್ದರೆ ಒಳಗಿನ ಒತ್ತಡ ತಗ್ಗುತ್ತದೆ. ಹೊರಗಿನಿಂದ ನೂಕುವುದೂ ಒಳಗಿನಿಂದ ಎಳೆಯುವುದೂ ಕೂಡಿ, ನಿಂತಾಗ ತೆಪ್ಪಗಿದ್ದ ಹನಿ ರಬ್ಬರನ್ನು ದಾಟಿ ಬರುತ್ತದೆ. ಇದಲ್ಲದೆ ಚಕ್ರಗಳು ಎರಚುವ ರಸ್ತೆಯ ನೀರು ತಳದ ಸಂದುಗಳನ್ನು ಹುಡುಕುತ್ತಿರುತ್ತದೆ. ಆದಕಾರಣ ಸೋರಿಕೆ ಯಾವಾಗ ಆಗುತ್ತದೆ, ನಿಂತಾಗಲೋ ಓಡುವಾಗಲೋ, ಮೂತಿ ಮೇಲಾಗಿ ನಿಲ್ಲಿಸಿದಾಗಲೋ ಕೆಳಗಾಗಿ ನಿಲ್ಲಿಸಿದಾಗಲೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಒಳಬರುವ ಬಾಗಿಲುಗಳು

ಮೊದಲನೆಯ ಶಂಕಿತ ಸ್ಥಳ ಮುಂದಿನ ಗಾಜಿನ ರಬ್ಬರು. ಹಳೆಯ ಕಾರುಗಳಲ್ಲಿ ಗಾಜನ್ನು ಅಂಟಿನಿಂದ ಅಂಟಿಸಿಲ್ಲ. ಎರಡು ಬದಿಗೂ ತೋಡಿರುವ ಒಂದು ರಬ್ಬರು ಪಟ್ಟಿ, ಒಂದು ತೋಡಿನಲ್ಲಿ ಗಾಜನ್ನೂ ಇನ್ನೊಂದರಲ್ಲಿ ತಗಡಿನ ಅಂಚನ್ನೂ ಹಿಡಿದಿರುತ್ತದೆ. ಬಿಸಿಲಿಗೂ ಗಾಳಿಯಲ್ಲಿರುವ ಓಝೋನಿಗೂ ಈಡಾಗಿ ರಬ್ಬರು ವರ್ಷಗಳು ಕಳೆದಂತೆ ಗಟ್ಟಿಯಾಗಿ, ಕುಗ್ಗಿ, ಬಿರಿಯುತ್ತದೆ. ಕೆಳಗಿನ ಎರಡು ಮೂಲೆಗಳಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುವುದರಿಂದ ಸೋರಿಕೆ ಮೊದಲು ಕಾಣುವುದೂ, ತುಕ್ಕು ಮೊದಲು ಹುಟ್ಟುವುದೂ ಅಲ್ಲಿಯೇ. ಅದರ ಬುಡದಲ್ಲಿಯೇ ವೈಪರಿನ ದಂಡಗಳು ತಗಡನ್ನು ತೂರಿ ಹೊರಬರುವ ಜಾಗಗಳಿವೆ. ಅಲ್ಲಿನ ಪುಟ್ಟ ರಬ್ಬರು ಬಿಲ್ಲೆ ಹಾಳಾದರೆ ನೀರು ನೇರವಾಗಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಇಳಿಯುತ್ತದೆ. ನಾಲ್ಕು ಕಾಸಿನ ಬಿಲ್ಲೆಗಾಗಿ ಇಡೀ ಗಾಜನ್ನು ಬಿಚ್ಚಿಸಿದವರುಂಟು.

ಎರಡನೆಯದು ಬಾಗಿಲು. ಇಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ: ಬಾಗಿಲಿನ ಹೊಟ್ಟೆಯೊಳಗೆ ನೀರು ಹೋಗುವುದು ದೋಷವಲ್ಲ. ಮೇಲಕ್ಕೂ ಕೆಳಕ್ಕೂ ಸರಿಯುವ ಗಾಜಿನ ಪಕ್ಕದಿಂದ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಕಾರನ್ನು ರಚಿಸಿದವರು ಇದನ್ನು ಬಲ್ಲರು; ಆದುದರಿಂದಲೇ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ನೀರುಗಂಡಿಗಳನ್ನು ಬಿಟ್ಟಿದ್ದಾರೆ; ಒಳಗಿನ ಹಲಗೆಯ ಹಿಂದೆ ನೀರು ತಡೆಯುವ ಹಾಳೆಯೊಂದನ್ನು ಅಂಟಿಸಿದ್ದಾರೆ. ಧೂಳು, ಎಲೆ, ಹಳೆಯ ಬಣ್ಣದ ಚೂರುಗಳಿಂದ ಗಂಡಿಗಳು ಕಟ್ಟಿಕೊಂಡರೆ ಬಾಗಿಲು ತೊಟ್ಟಿಯಾಗುತ್ತದೆ. ಕಾರು ತಿರುವಿನಲ್ಲಿ ಹೋದಾಗ ಒಳಗೆ ಬಳಬಳ ಸದ್ದು ಕೇಳಿಸಿದರೆ ಇದೇ ಕಾರಣ. ಯಾವಾಗಲೋ ಕಿಟಕಿಯ ಹಿಡಿಕೆ ಸರಿಪಡಿಸಲು ಹಲಗೆ ಬಿಚ್ಚಿದವನು ಒಳಗಿನ ಹಾಳೆಯನ್ನು ಹರಿದು ಬಿಸಾಡಿದ್ದರೆ, ನೀರು ಹಲಗೆಯನ್ನು ನೆನೆಸಿ ಒಳಕ್ಕೆ ಬರುತ್ತದೆ. ಮುಂಬಾಗಿಲುಗಳಲ್ಲಿರುವ ತ್ರಿಕೋನಾಕಾರದ ಪುಟ್ಟ ಕಿಟಕಿಗಳ ರಬ್ಬರೂ ಹೀಗೆಯೇ ಸೋರುವ ತಾಣ.

ಮೂರನೆಯದು ಚಾವಣಿಯ ಸುತ್ತಲಿನ ದೋಣಿ. ಅದು ಚಾವಣಿಯ ತಗಡಿಗೆ ಕೂಡುವ ಸಂದಿನಲ್ಲಿ ತುಂಬಿದ ಲೇಪ ಬಿರಿದರೆ ನೀರು ಕಂಬದೊಳಗೆ ಇಳಿಯುತ್ತದೆ. ಒಳಚಾವಣಿಯ ಬಟ್ಟೆಯ ಅಂಚಿನಲ್ಲಿ ಚಹದ ಬಣ್ಣದ ಕಲೆ ಕಂಡರೆ ಸಂದೇಹವೇ ಬೇಡ. ನಾಲ್ಕನೆಯದು ಡಿಕ್ಕಿ: ಅದರ ಮುಚ್ಚಳದ ರಬ್ಬರು, ಹಿಂದಿನ ಗಾಜಿನ ರಬ್ಬರು, ಹಿಂದಿನ ದೀಪಗಳ ಹಿಂಬದಿಯ ರಬ್ಬರು ಹಾಸು. ಐದನೆಯದು ತಳ ಮತ್ತು ಎಂಜಿನ್ನಿನ ಕಡೆಯ ತಗಡಿನ ಗೋಡೆ. ಸ್ಟಿಯರಿಂಗ್ ಕಂಬ, ಸ್ಪೀಡಾಮೀಟರಿನ ಕೇಬಲ್ಲು, ವೈರುಗಳು, ಇವೆಲ್ಲ ಆ ಗೋಡೆಯನ್ನು ತೂರಿಬರುವಲ್ಲಿ ಒಂದೊಂದು ರಬ್ಬರು ಉಂಗುರವಿರಬೇಕು. ರೇಡಿಯೋ, ಹಾರನ್ನು ಜೋಡಿಸಿದವರು ಹೊಸ ತೂತು ಕೊರೆದು ಹಾಗೆಯೇ ಬಿಟ್ಟುಹೋಗಿರುವುದೂ ಅಪರೂಪವಲ್ಲ. ಹೆರಾಲ್ಡ್ ಕಾರಿನ ಮೈಯನ್ನಂತೂ ಭಾಗಭಾಗಗಳಾಗಿ ಬೋಲ್ಟುಗಳಿಂದ ಕೂಡಿಸಿರುವುದರಿಂದ, ಅದರಲ್ಲಿ ಆ ಕೂಡುವ ಜಾಗಗಳನ್ನೂ ಬೇರೆಯಾಗಿ ನೋಡಬೇಕು.

ಪತ್ತೇದಾರಿ

ಹುಡುಕುವ ಕೆಲಸಕ್ಕೆ ಬೇಕಾದ ಸಲಕರಣೆಗಳು ಮನೆಯಲ್ಲಿಯೇ ಇವೆ: ತೋಟಕ್ಕೆ ನೀರು ಹಾಯಿಸುವ ರಬ್ಬರು ಪೈಪು, ಟಾರ್ಚು, ಹಳೆಯ ಪತ್ರಿಕೆಗಳು, ಸೀಮೆಸುಣ್ಣ, ಸ್ವಲ್ಪ ಮುಖಕ್ಕೆ ಹಚ್ಚುವ ಪೌಡರು. ಬೇಕಾದವರು ಇಬ್ಬರು: ಒಬ್ಬರು ಹೊರಗೆ, ಒಬ್ಬರು ಒಳಗೆ. ತಾಳ್ಮೆ ಮಾತ್ರ ಇಬ್ಬರಿಗೂ ಸಮನಾಗಿ ಬೇಕು.

ಬಿಸಿಲಿರುವ ರಜಾದಿನವೊಂದನ್ನು ಆರಿಸಿಕೊಳ್ಳಬೇಕು. ಮೊದಲು ಬ್ಯಾಟರಿಯ ಸಂಪರ್ಕ ಕಳಚಬೇಕು. ಮ್ಯಾಟು, ಫೆಲ್ಟು, ಸಾಧ್ಯವಾದರೆ ಸೀಟುಗಳನ್ನೂ ಹೊರತೆಗೆದು ಬಿಸಿಲಿಗೆ ಹಾಕಿ, ತಳವನ್ನು ಒಣಬಟ್ಟೆಯಿಂದ ಒರಸಬೇಕು. ಒಳಗೆ ಪೂರ್ತಿ ಒಣಗದ ಹೊರತು ಹೊಸ ನೀರು ಯಾವುದು, ಹಳೆಯದು ಯಾವುದು ಎಂದು ತಿಳಿಯುವ ಬಗೆಯಿಲ್ಲ. ಒಣಗಿದ ಮೇಲೆ ಶಂಕೆಯಿರುವಲ್ಲೆಲ್ಲ ಪೌಡರನ್ನು ತೆಳ್ಳಗೆ ಉದುರಿಸಬೇಕು. ತಳದಲ್ಲಿ ಪತ್ರಿಕೆಯ ಹಾಳೆಗಳನ್ನು ಹಾಸಬೇಕು. ಹನಿ ಹರಿದ ಹಾದಿ ಪೌಡರಿನ ಮೇಲೆ ಗೆರೆಯಾಗಿ ಮೂಡುತ್ತದೆ. ಪತ್ರಿಕೆ ಬಿದ್ದ ಹನಿಯನ್ನು ಮುಚ್ಚಿಡುವುದಿಲ್ಲ.

ಇನ್ನು ನೀರು ಹಾಯಿಸುವ ಕ್ರಮ. ಒತ್ತಡದ ಯಂತ್ರಗಳನ್ನು ಬಳಸಬಾರದು. ಅವು ಗಟ್ಟಿಮುಟ್ಟಾದ ರಬ್ಬರಿನ ಎಡೆಯಲ್ಲಿಯೂ ನೀರು ನುಗ್ಗಿಸಿ ಸುಳ್ಳು ಸಾಕ್ಷಿ ಹೇಳುತ್ತವೆ. ಪೈಪಿನಿಂದ ನೀರು ಮೆಲ್ಲನೆ ಹರಿಯಲಿ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕೆಂಬುದು ಇಲ್ಲಿನ ಮುಖ್ಯ ನಿಯಮ. ಮೊದಲೇ ಚಾವಣಿಯ ಮೇಲೆ ನೀರು ಬಿಟ್ಟರೆ ಅದು ಎಲ್ಲ ಸಂದುಗಳ ಮೇಲೂ ಹರಿದು, ಸೋರಿದ್ದು ಯಾವುದೆಂದು ತಿಳಿಯದಾಗುತ್ತದೆ. ಬಾಗಿಲಿನ ತಳ, ಬಳಿಕ ಅದರ ಪಕ್ಕ, ಬಳಿಕ ಗಾಜಿನ ಕೆಳ ಅಂಚು, ಮೂಲೆಗಳು, ಮೇಲಿನ ಅಂಚು, ಕೊನೆಗೆ ಚಾವಣಿಯ ದೋಣಿ. ಒಂದೊಂದು ಕಡೆಯಲ್ಲಿಯೂ ಐದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಲ್ಲಬೇಕು. ಒಳಗೆ ಟಾರ್ಚು ಹಿಡಿದು ಕುಳಿತ ಮಗ "ಅಪ್ಪಾ, ಇಲ್ಲಿ ಬಂತು!" ಎಂದು ಕೂಗಿದ ಕೂಡಲೇ ನೀರು ನಿಲ್ಲಿಸಿ, ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಒಂದು ಸೋರಿಕೆ ಸಿಕ್ಕಿತೆಂದು ಕೆಲಸ ನಿಲ್ಲಿಸತಕ್ಕದ್ದಲ್ಲ. ಹಳೆಯ ಕಾರಿನಲ್ಲಿ ಒಂದಿದ್ದರೆ ಇನ್ನೊಂದು ಜೊತೆಗಿರುವುದು ವಾಡಿಕೆ.

ನೀರಿಲ್ಲದೆ ಮಾಡುವ ಪರೀಕ್ಷೆಗಳೂ ಇವೆ. ಬಾಗಿಲಿನ ರಬ್ಬರಿನ ಮೇಲೆ ಕಾಗದದ ಪಟ್ಟಿಯೊಂದನ್ನಿಟ್ಟು ಬಾಗಿಲು ಮುಚ್ಚಿ ಎಳೆಯಬೇಕು. ಬಿಗಿಯಾಗಿ ಎಳೆದರೆ ಮಾತ್ರ ಬರಬೇಕು. ಸಲೀಸಾಗಿ ಜಾರಿಬಂದರೆ ಅಲ್ಲಿ ರಬ್ಬರು ಒತ್ತುತ್ತಿಲ್ಲ. ಸುತ್ತಲೂ ಅಂಗೈ ಅಗಲದ ಅಂತರದಲ್ಲಿ ಹೀಗೆಯೇ ನೋಡುತ್ತ ಹೋಗಬೇಕು. ರಬ್ಬರಿಗೆ ಬಣ್ಣದ ಸೀಮೆಸುಣ್ಣ ಹಚ್ಚಿ ಬಾಗಿಲು ಮುಚ್ಚಿ ತೆರೆದರೆ, ಎದುರಿನ ತಗಡಿನ ಮೇಲೆ ಗುರುತು ಬೀಳದ ಜಾಗವೇ ಸೋರುವ ಜಾಗ. ರಾತ್ರಿಯಲ್ಲಿ ಒಳಗೆ ಪ್ರಖರವಾದ ಟಾರ್ಚು ಹಿಡಿದು ತಳದ ಅಡಿಯಿಂದ ನೋಡಿದರೆ ತೂತುಗಳು ನಕ್ಷತ್ರಗಳಂತೆ ಹೊಳೆಯುತ್ತವೆ. ನೋಡಲು ಚೆಂದ, ಮಾಲಿಕನಿಗೆ ಮಾತ್ರ ಸಂಕಟ. ಓಡುವಾಗ ಮಾತ್ರ ಸೋರುವ ಕಾರಿಗೆ ಇನ್ನೊಂದು ಉಪಾಯ: ಗಾಳಿ ಊದುವ ಬ್ಲೋವರಿನ ಕೊಳವೆಯನ್ನು ಕಿಟಕಿಯಲ್ಲಿ ತೂರಿಸಿ, ಉಳಿದ ಸಂದನ್ನು ಟೇಪಿನಿಂದ ಮುಚ್ಚಿ, ಒಳಗೆ ಗಾಳಿ ತುಂಬುತ್ತ ಹೊರಗಿನ ರಬ್ಬರುಗಳಿಗೆ ಸಾಬೂನಿನ ನೀರು ಹಚ್ಚುವುದು. ಎಲ್ಲಿ ಗುಳ್ಳೆ ಏಳುವುದೋ ಅಲ್ಲಿ ದಾರಿಯಿದೆ.

ಚಿಕಿತ್ಸೆ

ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಸಾರ್, ಬೀಡಿಂಗ್ ಹೋಗಿದೆ, ಪೂರಾ ಹೊಸದು ಹಾಕಿಬಿಡೋಣ." ಕೆಲವೊಮ್ಮೆ ಅದು ನಿಜ. ಆದರೆ ಕಡಿಮೆ ಖರ್ಚಿನದನ್ನು ಮೊದಲು ಮುಗಿಸುವುದು ವಿವೇಕ. ಬಾಗಿಲಿನ ನೀರುಗಂಡಿಗಳನ್ನು ತಂತಿಯ ತುಂಡಿನಿಂದ ಬಿಡಿಸುವುದಕ್ಕೆ ಒಂದು ಕಾಸೂ ಬೇಡ. ಬಾಗಿಲು ಜೋತಿದ್ದರೆ ಮೊದಲು ಅದರ ಕೀಲುಗಳನ್ನೂ, ಬೀಗ ಕಚ್ಚುವ ಕೊಂಡಿಯನ್ನೂ ಸರಿಹೊಂದಿಸಬೇಕು. ಅದನ್ನು ಬಿಟ್ಟು ಹೊಸ ರಬ್ಬರು ಹಾಕಿದರೆ ಹೊಸ ರಬ್ಬರೂ ಸೋರುತ್ತದೆ. ಒಳಹಲಗೆಯ ಹಿಂದೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ, ಅದರ ಕೆಳ ಅಂಚು ಬಾಗಿಲಿನ ಹೊಟ್ಟೆಯೊಳಕ್ಕೇ ನೀರು ಹರಿಸುವಂತೆ ಅಂಟಿಸಬೇಕು. ವೈಪರಿನ ಬಿಲ್ಲೆ, ವೈರಿನ ಉಂಗುರ, ತಳದ ತೂತಿನ ಮುಚ್ಚಳಗಳು ಬೆಂಗಳೂರಿನ ಜೆ. ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಹುಡುಕಿದರೆ ಸಿಕ್ಕಾವು.

ಮುಂದಿನ ಗಾಜಿನ ರಬ್ಬರು ಇನ್ನೂ ಮೆತ್ತಗಿದ್ದು ಒಂದೆರಡು ಕಡೆ ಮಾತ್ರ ಸೋರುತ್ತಿದ್ದರೆ, ಅದರ ತುಟಿಯನ್ನು ಮರದ ಚೂರಿನಿಂದ ಮೆಲ್ಲನೆ ಎತ್ತಿ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬ್ಯೂಟೈಲ್ ಜಾತಿಯ ಸೀಲೆಂಟನ್ನು ಒಳಕ್ಕೆ ತುಂಬಿದರೆ ಸಾಕು. ರಬ್ಬರು ಗಟ್ಟಿಯಾಗಿ ಬಿರಿದಿದ್ದರೆ ಮಾತ್ರ ಬದಲಾಯಿಸಬೇಕು. ಗಾಜು ತೆಗೆದಾಗ ಸುತ್ತಲಿನ ತಗಡಿನ ಅಂಚನ್ನು ಪರೀಕ್ಷಿಸದೆ ಹೊಸ ರಬ್ಬರು ಹಾಕುವುದು ಗಾಯದ ಮೇಲೆ ರೇಷ್ಮೆ ಹೊದೆಸಿದಂತೆ. ತುಕ್ಕನ್ನು ಉಜ್ಜಿ ತೆಗೆದು, ಪ್ರೈಮರು, ಬಣ್ಣ ಹಚ್ಚಿ ಒಣಗಿಸಿದ ಬಳಿಕವೇ ಜೋಡಣೆ. ಅನುಭವಿಗಳು ರಬ್ಬರಿನ ತೋಡಿನಲ್ಲಿ ಸುತ್ತಲೂ ಒಂದು ಗಟ್ಟಿ ದಾರವನ್ನಿಟ್ಟು, ಸಾಬೂನಿನ ನೀರು ಸವರಿ, ಒಬ್ಬರು ಹೊರಗಿನಿಂದ ಗಾಜನ್ನು ಅಂಗೈಯಿಂದ ಒತ್ತುತ್ತಿರಲು ಇನ್ನೊಬ್ಬರು ಒಳಗಿನಿಂದ ದಾರವನ್ನೆಳೆಯುತ್ತಾರೆ. ದಾರ ಬಂದಂತೆ ರಬ್ಬರಿನ ತುಟಿ ತಗಡಿನ ಅಂಚಿನ ಮೇಲೆ ಏರಿ ಕುಳಿತುಕೊಳ್ಳುತ್ತದೆ. ಜಾರಲೆಂದು ಎಣ್ಣೆ, ಗ್ರೀಸುಗಳನ್ನು ಹಚ್ಚಬಾರದು. ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ.

ಮಾಡಬಾರದ ಚಿಕಿತ್ಸೆಗಳೂ ಕೆಲವುಂಟು. ವಿನೆಗರಿನಂತೆ ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನನ್ನು ತಗಡಿನ ಮೇಲೆ ಬಳಿಯುವುದು ಅದರಲ್ಲಿ ಮೊದಲನೆಯದು. ಅದು ಒಣಗುವಾಗ ಹೊರಬರುವ ಅಸಿಟಿಕ್ ಆಮ್ಲ ಬರಿ ಉಕ್ಕಿಗೆ ಶತ್ರು; ಅದರ ಮೇಲೆ ಬಣ್ಣವೂ ನಿಲ್ಲದು. ಕಲ್ಲಿನಂತೆ ಗಟ್ಟಿಯಾಗುವ ಲೇಪಗಳು ಎರಡನೆಯದು: ಓಡುವ ಕಾರಿನ ಮೈ ಸದಾ ಸ್ವಲ್ಪ ಸ್ವಲ್ಪವಾಗಿ ಅಲುಗುತ್ತಿರುವುದರಿಂದ ಅವು ಬೇಗನೆ ಬಿರಿಯುತ್ತವೆ. ಸಂದುಗಳಿಗೆ ವಾಹನಗಳಿಗೆಂದೇ ತಯಾರಾದ, ರಬ್ಬರಿನಂತೆ ಬಾಗುವ ಸೀಲರೇ ತಕ್ಕದ್ದು. ಮೂರನೆಯದೂ ಅತಿ ಕೆಟ್ಟದ್ದೂ ಆದದ್ದೆಂದರೆ, ತುಕ್ಕಿನ ಮೇಲೆಯೇ ದಪ್ಪನಾಗಿ ಟಾರಿನ ಲೇಪ ಬಳಿಯುವುದು. ಮೇಲೆ ಕಪ್ಪಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ಸಿಕ್ಕಿಬಿದ್ದ ತೇವ ಯಾರ ಕಣ್ಣಿಗೂ ಬೀಳದೆ ತಗಡನ್ನು ತಿನ್ನುತ್ತಲೇ ಇರುತ್ತದೆ. ಹಳೆಯ ಕಾರು ಕೊಳ್ಳುವವರು ಹೊಚ್ಚಹೊಸ ಟಾರಿನ ತಳ ಕಂಡರೆ ಹಿಗ್ಗದೆ, ಅಲ್ಲಲ್ಲಿ ತಟ್ಟಿ ನೋಡುವುದು ಒಳ್ಳೆಯದು.

ಸೋರಿಕೆ ನಿಂತ ಮೇಲೆ ತಳದ ಆರೈಕೆ. ಮೇಲುಮೇಲಿನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಾಶಕ ಹಚ್ಚಿದರೆ ಉಳಿದ ತುಕ್ಕು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡುತ್ತದೆ. ಕೈಗವಸು, ಕನ್ನಡಕಗಳಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಬಳಿಕ ಸತುವಿನ ಪ್ರೈಮರು, ಅದರ ಮೇಲೆ ಬಣ್ಣ. ತೂತು ಬಿದ್ದಿದ್ದರೆ ಟಿಂಕರನಿಂದ ಕೊಳೆತ ಭಾಗವನ್ನು ಒಳ್ಳೆಯ ತಗಡು ಸಿಕ್ಕುವವರೆಗೂ ಕತ್ತರಿಸಿ ತೆಗೆಸಿ, ಹೊಸದನ್ನು ಬೆಸೆಸಬೇಕು. ಹಳೆಯದರ ಮೇಲೆ ಹೊಸ ತೇಪೆ ಹಚ್ಚಿದರೆ ನಡುವೆ ನೀರು ನಿಲ್ಲಲು ಇನ್ನೊಂದು ಸಂದು ಸಿದ್ಧವಾಗುತ್ತದೆ. ಬೆಸುಗೆಗೆ ಮುಂಚೆ ಬ್ಯಾಟರಿ ಕಳಚಿ, ಫೆಲ್ಟು ತೆಗೆದು, ಪೆಟ್ರೋಲಿನ ಕೊಳವೆ, ಟಾಂಕಿಗಳು ಎಲ್ಲಿವೆಯೆಂದು ನೋಡಿಕೊಳ್ಳದಿದ್ದರೆ ನೀರಿನಿಂದ ಉಳಿದ ಕಾರು ಬೆಂಕಿಗೆ ಆಹುತಿಯಾದೀತು. ಟೊಳ್ಳಾದ ಹೊಸ್ತಿಲುಗಳೊಳಗೆ ಮೇಣದ ದ್ರವವನ್ನು ಸಿಂಪಡಿಸುವುದು ಬಹುಕಾಲ ಕಾಪಾಡುವ ಉಪಾಯ. ನೀರು ಕುಡಿದ ಹಳೆಯ ಫೆಲ್ಟನ್ನು ಮಾತ್ರ ಮತ್ತೆ ಹಾಸಬಾರದು. ಮೇಲೆ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ಒಳಗೆ ತೇವವನ್ನು ಹಿಡಿದಿಟ್ಟಿರುತ್ತದೆ.

ಐವತ್ತರ ಆಚೆ

ಇಷ್ಟೆಲ್ಲ ಶ್ರಮ ಒಂದು ಹಳೆಯ ಕಾರಿಗಾಗಿಯೇ ಎಂದು ವಾಚಕರು ಕೇಳಬಹುದು. ಅದಕ್ಕೆ ಅಭಿಮಾನದ ಉತ್ತರವಲ್ಲದೆ ಕಾನೂನಿನ ಉತ್ತರವೂ ಈಗ ಉಂಟು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ಕಾರು, ಸ್ಕೂಟರುಗಳನ್ನು ವಿಂಟೇಜ್ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಆ ನೋಂದಣಿಗೆ 10 ವರ್ಷಗಳ ಅವಧಿ. ಅದನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ್ಯಾಲಿಗಳಂಥ ಸಂದರ್ಭಗಳಿಗೆ ಮಾತ್ರ. ಆದರೆ ಮುಖ್ಯವಾದ ಷರತ್ತೊಂದಿದೆ: ವಾಹನ ತನ್ನ ಮೂಲರೂಪದಲ್ಲಿಯೇ ಉಳಿದಿರಬೇಕು, ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಟು ಆಗಿರಬಾರದು. 1970ರ ದಶಕದ ಆರಂಭದಲ್ಲಿ ರಸ್ತೆಗಿಳಿದ ಕಾರುಗಳು ಆಗಲೇ ಈ ವಯಸ್ಸನ್ನು ಮುಟ್ಟಿವೆ. ಮೂಲ ತಗಡು ಉಳಿದಿರುವ ಕಾರಿಗೂ ತುಕ್ಕಿನಿಂದಾಗಿ ಮೈಯನ್ನೇ ಬದಲಾಯಿಸಿದ ಕಾರಿಗೂ ಇರುವ ಅಂತರ ಇನ್ನು ಮುಂದೆ ನೋಟದ್ದಷ್ಟೇ ಅಲ್ಲ. ಕಾಗದಪತ್ರದ್ದೂ ಹೌದು, ಬೆಲೆಯದ್ದೂ ಹೌದು.

ವರ್ಷಕ್ಕೆ ಎರಡು ದಿನ ಇದಕ್ಕೆಂದು ಮೀಸಲಿಟ್ಟರೆ ಸಾಕು. ಮೃಗಶಿರಾ ಮಳೆ ಹಿಡಿಯುವ ಮುನ್ನ ಒಂದು ದಿನ: ನೀರುಗಂಡಿಗಳನ್ನು ಬಿಡಿಸುವುದು, ರಬ್ಬರುಗಳನ್ನು ಸಾಬೂನಿನಿಂದ ತೊಳೆದು ಕಾಗದದ ಪರೀಕ್ಷೆ ಮಾಡುವುದು, ಬಾನೆಟ್ಟಿನ ಹಿಂದಿನ ಕಾಲುವೆಯಲ್ಲಿ ಸೇರಿದ ತರಗೆಲೆ ತೆಗೆಯುವುದು. ಮಳೆಗಾಲ ಮುಗಿದ ಮೇಲೆ, ಆಯುಧಪೂಜೆಗೆ ವಾಹನ ತೊಳೆಯುವ ಹೊತ್ತಿನಲ್ಲಿ ಇನ್ನೊಂದು ದಿನ: ಮ್ಯಾಟು, ಫೆಲ್ಟುಗಳನ್ನೆತ್ತಿ ತಳವನ್ನು ಕಣ್ಣಾರೆ ಕಂಡು ಬಿಸಿಲು ತೋರಿಸುವುದು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿಲಿಮೀಟರು. ಆಗುಂಬೆಯಲ್ಲಿ ಸುಮಾರು 7,600. ಎರಡೂ ಊರುಗಳ ಕಾರುಗಳಿಗೆ ಈ ಎರಡು ದಿನಗಳು ಬೇಕೇ ಬೇಕು. ಮಲೆನಾಡಿನವರು ನಡುವೆ ಬಿಸಿಲು ಬಿದ್ದಾಗಲೆಲ್ಲ ಇನ್ನೊಂದು ಸಲ ಮ್ಯಾಟೆತ್ತಿ ನೋಡಿದರೆ ನಷ್ಟವಿಲ್ಲ. ಕವಚ ಹೊದೆಸಿ ನಿಲ್ಲಿಸುವವರೂ ಒಂದನ್ನು ನೆನಪಿಡಬೇಕು: ಗಾಳಿಯಾಡದ ಪ್ಲಾಸ್ಟಿಕ್ ಕವಚ ಮಳೆಯನ್ನು ತಡೆದರೂ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ.

ಮುಂದಿನ ಮಳೆಗೆ ಕಾಲಡಿ ಒದ್ದೆಯಾದಾಗ ಟವೆಲಿಗೆ ಕೈಚಾಚುವ ಮುನ್ನ ಮ್ಯಾಟಿನ ಮೂಲೆಯನ್ನು ಒಮ್ಮೆ ಎತ್ತಿ ನೋಡುವುದು ಲೇಸು. ಅಲ್ಲಿ ಕಾಣುವುದು ಬಣ್ಣವಾಗಿದ್ದರೆ ಕೆಲಸ ಒಂದು ಭಾನುವಾರದ್ದು. ಕಂದುಬಣ್ಣದ ಹೊಪ್ಪಳೆಯಾಗಿದ್ದರೆ ಒಂದು ತಿಂಗಳಿನದು. ರಸ್ತೆಯೇ ಕಂಡರೆ ಟಿಂಕರನು ಹೇಳಿದಷ್ಟು ದಿನದ್ದು.